ಈ ಕಲ್ಲು ನಿಲ್ಲಿಸಿದವರು ಯಾರು?

ನಮ್ಮ ತಂಡದ ಗೆಳೆಯನೊಬ್ಬನ ಅಪ್ಪ ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ತೀರಿಕೊಂಡರು. ಮಂಡ್ಯ ಕಡೆಯ ಸಣ್ಣ ಊರು. ಅವರೇ ನೆಟ್ಟು ಬೆಳೆಸಿದ ಹುಣಸೆಮರದ ಹತ್ತಿರ, ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಹನ್ನೊಂದನೇ ದಿನದ ತಿಥಿ ಆಯಿತು, ನೆಂಟರು ಹೊರಟರು. ವರ್ಷದ ತಿಥಿ ಹತ್ತಿರ ಬಂದಾಗ ಸಮಾಧಿಗೆ ಒಂದು ಕಲ್ಲು ಹಾಕಿಸಬೇಕು ಅಂತ ಮನೆಯಲ್ಲಿ ಮಾತು ಬಂತು. ಗೆಳೆಯನ ಜೊತೆ ನಾವೂ ಪಟ್ಟಣದ ಗ್ರಾನೈಟ್ ಅಂಗಡಿಗೆ ಹೋದೆವು. ಕಲ್ಲಿನ ಬಣ್ಣ, ಅಳತೆ ಎಲ್ಲ ಗೊತ್ತು ಮಾಡಿದ ಮೇಲೆ ಅಂಗಡಿಯವರು ಒಂದು ಕಾಗದ, ಪೆನ್ನು ಕೊಟ್ಟು ಕೇಳಿದರು: "ಏನ್ ಬರೆಸ್ತೀರಾ? ಅಕ್ಷರದ ಲೆಕ್ಕದಲ್ಲಿ ದುಡ್ಡು."

ಗೆಳೆಯ ಅಪ್ಪನ ಹೆಸರು ಬರೆದ. ಹುಟ್ಟಿದ ತಾರೀಖು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಇದ್ದದ್ದನ್ನೇ ಬರೆದ. ತೀರಿಕೊಂಡ ತಾರೀಖು ಬರೆದ. ಆಮೇಲೆ ಅವನ ಕೈ ನಿಂತುಬಿಟ್ಟಿತು. ಅರವತ್ತು ಚಿಲ್ಲರೆ ವರ್ಷ ಬದುಕಿದ ಅಪ್ಪನ ಬಗ್ಗೆ ಇನ್ನೇನು ಬರೆಸುವುದು? "ನಾಳೆ ಹೇಳ್ತೀನಿ" ಅಂತ ಎದ್ದು ಬಂದ.

ವಾಪಸ್ ಬರುವಾಗ ಅವನ ಊರಿನ ಕೆರೆ ಏರಿಯ ಕೆಳಗೆ ಗಾಡಿ ನಿಲ್ಲಿಸಿದೆವು. ಅಲ್ಲೊಂದು ಹಳೇ ಕಲ್ಲಿದೆ. ಅರ್ಧ ಮಣ್ಣಲ್ಲಿ ಹೂತಿದೆ, ಕತ್ತಿ ಹಿಡಿದ ಒಬ್ಬ ಮನುಷ್ಯ ಕಾಣುತ್ತಾನೆ. ಊರವರು ಬೀರಪ್ಪ ಅಂತ ಕರೆದು ಹಬ್ಬದಲ್ಲಿ ಅರಿಶಿನ ಕುಂಕುಮ ಹಚ್ಚುತ್ತಾರೆ. ಚಿಕ್ಕಂದಿನಲ್ಲಿ ಗೆಳೆಯ ಅದರ ಮೇಲೆ ಹತ್ತಿ ಕೂತು ಎಮ್ಮೆ ಕಾಯುತ್ತಿದ್ದನಂತೆ. ಅವತ್ತು ಅದನ್ನು ನೋಡುತ್ತಾ ಅವನು ಕೇಳಿದ: "ಇವನ ಮನೆಯವರಿಗೂ ಯಾರೋ 'ಏನು ಬರೆಸ್ತೀರಾ' ಅಂತ ಕೇಳಿರ್ತಾರಲ್ವಾ?"

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ. ನಮ್ಮ ನಾಡಿನಲ್ಲಿ ಇಂಥ ಕಲ್ಲುಗಳು ಸಾವಿರಾರು ಇವೆ. ಶಾಲೆಯ ಪುಸ್ತಕದಲ್ಲಿ ಅವನ್ನು ಶೌರ್ಯದ ಗುರುತು ಅಂತ ಓದಿದ್ದೇವೆ. ಆದರೆ ಪ್ರತಿ ಕಲ್ಲಿನ ಹಿಂದೆ ಒಂದು ಸಾವಿನ ಮನೆ ಇತ್ತು. ಯಾರೋ ಕಲ್ಲುಕುಟಿಗನನ್ನು ಕರೆಸಿದರು, ಕೂಲಿ ಕೊಟ್ಟರು, ಏನು ಕೆತ್ತಬೇಕು ಅಂತ ಹೇಳಿದರು. ಹಾಗೆ ಹೇಳಿದವರನ್ನು ಹುಡುಕಿಕೊಂಡು ನಾವು ಕೆಲವು ಶಾಸನಗಳನ್ನು ಮತ್ತೆ ಓದಿದೆವು.

ಕಲ್ಲು ಓದುವ ಬಗೆ

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಕೆಳಗಿನ ಅಂಕಣದಲ್ಲಿ ಆ ಮನುಷ್ಯ ಹೇಗೆ ಸತ್ತ ಅನ್ನೋದು ಇರುತ್ತದೆ: ಯುದ್ಧವೋ, ದನ ಹೊಡೆದುಕೊಂಡು ಹೋಗುವವರ ಜೊತೆ ಹೊಡೆದಾಟವೋ, ಹುಲಿ ಅಥವಾ ಹಂದಿಯ ಜೊತೆ ಸೆಣಸಾಟವೋ. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಜೈನರದ್ದಾದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ, ಚಂದ್ರ.

ಈ ಮೂರು ಅಂಕಣವನ್ನು ಸತ್ತವನ ಮನೆಯ ಹೆಂಗಸಿನ ಕಣ್ಣಿಂದ ನೋಡಿ. ಕೆಳಗಿರುವುದು ಅವಳು ನೋಡಲಾರದ ದೃಶ್ಯ. ಮೇಲಿರುವುದು ಅವಳಿಗೆ ಬೇಕಾದ ಸಮಾಧಾನ: ಅವನು ಒಳ್ಳೆ ಜಾಗದಲ್ಲಿದ್ದಾನೆ, ಕೂತಿದ್ದಾನೆ, ನೋವಿಲ್ಲ. ಇವತ್ತಿಗೂ ಸಾವಿನ ಮನೆಯಲ್ಲಿ ದೊಡ್ಡವರು ಹೇಳುವ ಮಾತು ಅದೇ ತಾನೆ?

ಕಲ್ಲಿನ ಜೊತೆ ಇನ್ನೊಂದು ಏರ್ಪಾಡೂ ಇತ್ತು. ಊರಿಗಾಗಿ ಅಥವಾ ಒಡೆಯನಿಗಾಗಿ ಸತ್ತವನ ಮನೆಗೆ ಭೂಮಿ ಬಿಡುತ್ತಿದ್ದರು. ನೆತ್ತರುಗೊಡುಗೆ, ಕಲ್ನಾಡು ಅನ್ನುವ ಮಾತುಗಳು ಶಾಸನಗಳಲ್ಲಿ ಬರುತ್ತವೆ. ದುಡಿಯುವ ಕೈ ಹೋದ ಮನೆಗೆ ಕಣ್ಣೀರಿನ ಜೊತೆ ಹೊಟ್ಟೆಯ ಚಿಂತೆಯೂ ಇರುತ್ತದೆ ಅನ್ನೋದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಷರ ಬರುವ ಮೊದಲು

ಬರಹ ಬರುವುದಕ್ಕೂ ಮೊದಲು ನಮ್ಮ ಜನ ಸತ್ತವರನ್ನು ಹೇಗೆ ಕಳಿಸುತ್ತಿದ್ದರು? ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಭೂಶೋಧನೆ ಮಾಡಿಸಿದರು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲೂ ಆಮೇಲೆ ಅಗೆದು ನೋಡಿದರು. ಎರಡೂ ಕಡೆ ನವಶಿಲಾಯುಗದ ಜನವಸತಿ ಸಿಕ್ಕಿತು. ಕಲ್ಲಿನ ಕೊಡಲಿ ಹಿಡಿದು, ದನ ಸಾಕಿಕೊಂಡು ಬದುಕಿದ ಜನ ಅವರು. ಅಲ್ಲಿ ಸಣ್ಣ ಮಕ್ಕಳನ್ನು ಮಡಕೆಯೊಳಗಿಟ್ಟು ಹೂಳಿದ್ದು ಕಂಡುಬಂತು. ಎಷ್ಟೋ ಮಡಕೆಗಳು ವಾಸದ ಜಾಗದಲ್ಲೇ ಇದ್ದವು.

ಯಾಕೆ ಹಾಗೆ ಮಾಡಿದರು ಅಂತ ಮಡಕೆ ಹೇಳುವುದಿಲ್ಲ. ಆದರೆ ಎಳೇ ಮಗುವನ್ನು ದೂರದ ಕಾಡಿಗೆ ಒಯ್ಯದೆ, ದಿನಾ ಓಡಾಡುವ ನೆಲದಲ್ಲೇ ಇಟ್ಟುಕೊಂಡರು ಅನ್ನೋದನ್ನು ಕೇಳಿದಾಗ ನಮ್ಮಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಕಬ್ಬಿಣದ ಕಾಲಕ್ಕೆ ಬಂದರೆ ಕೊಪ್ಪಳ ಜಿಲ್ಲೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟವಿದೆ. ಸುತ್ತಲ ಜನ ಮೊರೇರ ಬೆಟ್ಟ ಅನ್ನುತ್ತಾರೆ. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಸತ್ತವರಿಗಾಗಿ ಮನೆಗಳನ್ನೇ ಕಟ್ಟಿದ್ದಾರೆ. ಕೆಲವಕ್ಕೆ ಗುಂಡನೆಯ ಕಿಂಡಿಯೂ ಇದೆ. ಬದುಕಿದ್ದವರು ಇದ್ದದ್ದು ಗುಡಿಸಲಲ್ಲಿ. ಅವರ ಗುಡಿಸಲು ಯಾವತ್ತೋ ಮಣ್ಣಾಯಿತು, ಸತ್ತವರಿಗೆ ಕಟ್ಟಿದ್ದು ಇನ್ನೂ ನಿಂತಿದೆ.

ಬೆಂಗಳೂರು ಅನ್ನೋ ಹೆಸರು, ಒಂದು ಮನೆಯ ಸಾವು

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂದರೆ ಬೆಂದಕಾಳಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಹೆಸರು ಸಿಗುವ ಹಳೆಯ ಬರಹ ಬೇಗೂರಿನಲ್ಲಿದೆ. ಈಗ ಮಹಾನಗರ ನುಂಗಿಹಾಕಿರುವ ಊರು ಅದು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ ಆ ಕಲ್ಲು ಸುಮಾರು ಕ್ರಿ.ಶ. 900ರದು, ಗಂಗರ ಕಾಲದ್ದು. ಅದರಲ್ಲಿರುವ ವಿಷಯ ತೀರ ಚಿಕ್ಕದು: ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಶೆಟ್ಟಿ ಸತ್ತ.

ಒಂದೂಕಾಲು ಕೋಟಿಗೂ ಹೆಚ್ಚು ಜನ ಇರುವ ನಗರದ ಹೆಸರು ಮೊದಲು ಕಾಣಿಸಿಕೊಂಡಿದ್ದು ಒಬ್ಬ ಅಪ್ಪ ಮಗನನ್ನು ಕಳೆದುಕೊಂಡ ಸುದ್ದಿಯಲ್ಲಿ.

ಆ ಅಪ್ಪ ನಾಗತ್ತರ ಬೇಗೂರಿನ ಕಡೆಯ ಗಂಗರ ಅಧಿಕಾರಿ. ಅವನಿಗೂ ಒಂದು ಕಲ್ಲಿದೆ. ತುಂಬೆಪಾಡಿ ಅನ್ನುವಲ್ಲಿ ನಡೆದ ಯುದ್ಧದಲ್ಲಿ ಅವನು ಸತ್ತ. ಗಂಗರ ಎರೆಯಪ್ಪ ಅವನ ಪದವಿಯನ್ನು ಇರುಗ ಎಂಬವನಿಗೆ ಕಟ್ಟಿ, ಬೇಗೂರು ಸುತ್ತಲಿನ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ. ಆನೆ, ಕುದುರೆ, ಬಿದ್ದ ಹೆಣಗಳು ತುಂಬಿರುವ ಆ ದೊಡ್ಡ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನ ಮಗಳು ತೊಂಡಬ್ಬೆಯ ಕಲ್ಲೂ ಬೇಗೂರಿನಲ್ಲೇ ಇದೆ. ಅವಳು ಜೈನರ ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಟ್ಟು ದೇಹ ತ್ಯಜಿಸಿದಳು.

ಮಗ, ಅಪ್ಪ, ಮಗಳು. ಒಂದೇ ಮನೆಯ ಮೂರು ಕಲ್ಲುಗಳು. ಇತಿಹಾಸದ ಪುಸ್ತಕ ತುಂಬೆಪಾಡಿಯ ಯುದ್ಧದಲ್ಲಿ ಯಾರು ಯಾರ ಮೇಲೆ ಹೋದರು ಅಂತ ಹೇಳುತ್ತದೆ. ಆ ಮನೆಯಲ್ಲಿ ಕೊನೆಗೆ ಉಳಿದವರು ಯಾರು ಅಂತ ಯಾರೂ ಕೇಳಿಲ್ಲ.

ಕಾಳಿಗೆ ಒಂದು ಕಲ್ಲು

ನಮ್ಮ ಗೆಳೆಯನ ಜಿಲ್ಲೆಯದೇ ಇನ್ನೊಂದು ಶಾಸನ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನದು. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯ ಅಲ್ಲೇ ಸತ್ತ. ಈ ಯುದ್ಧದಲ್ಲಿ ಮಣಲೆರ ಎಂಬ ವೀರ ಹೆಸರು ಮಾಡಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು.

ಆಮೇಲೆ ಒಂದು ದಿನ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿ ಹಂದಿಯ ಕಾಳಗದ ಚಿತ್ರವಿದೆ. ಅಷ್ಟಕ್ಕೇ ಬಿಡಲಿಲ್ಲ. ಕೆರೆಯ ಕೆಳಗಿನ ಗದ್ದೆಯನ್ನು ಅದಕ್ಕಾಗಿ ಬಿಟ್ಟ. ಅಲ್ಲಿನ ಪೂಜಾರಿ ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಗಲುತ್ತದೆ ಅಂತಲೂ ಬರೆಸಿದ.

ಚೋಳರ ಸೋಲು, ರಾಜಾದಿತ್ಯನ ಸಾವು, ಇಷ್ಟು ದೊಡ್ಡ ಸಂಗತಿಗಳನ್ನು ಇತಿಹಾಸಕಾರರು ಈ ಕಲ್ಲಿನಿಂದಲೇ ಓದುತ್ತಾರೆ. ಕಲ್ಲು ನಿಂತದ್ದು ಮಾತ್ರ ನಾಯಿಗಾಗಿ. ದನವೋ ನಾಯಿಯೋ ಸತ್ತಾಗ ಎರಡು ದಿನ ಊಟ ಬಿಟ್ಟವರನ್ನು ನಾವು ಊರಲ್ಲಿ ಆಡಿಕೊಂಡು ನಗುತ್ತೇವೆ. ಸಾವಿರ ವರ್ಷದ ಹಿಂದೆ ಒಬ್ಬ ವೀರ ಆ ದುಃಖವನ್ನು ದೇವಸ್ಥಾನದ ಮುಂದೆಯೇ, ನಾಚಿಕೆ ಇಲ್ಲದೆ ಬರೆಸಿಟ್ಟಿದ್ದಾನೆ.

ಮಗಳನ್ನು ಉಳಿಸಿಕೊಳ್ಳಲಾಗದ ಅಪ್ಪ

ಎಲ್ಲ ಕಲ್ಲನ್ನೂ ಕೈಮುಗಿದು ಓದಲಾಗುವುದಿಲ್ಲ. ಊರೂರಲ್ಲಿ ಮಾಸ್ತಿಕಲ್ಲುಗಳಿವೆ. ಮೊಣಕೈ ಮಡಿಚಿ ಮೇಲಕ್ಕೆತ್ತಿದ ತೋಳು, ಕೈತುಂಬ ಬಳೆ. ಗಂಡ ಸತ್ತಾಗ ಬೆಂಕಿಗೆ ಹೋದ ಹೆಂಗಸರ ಗುರುತು ಅದು. ಮಾಸ್ತಮ್ಮ ಅಂತ ಪೂಜೆ ಮಾಡುತ್ತೇವೆ, ಒಳಗಿನ ಕಥೆ ಕೇಳುವುದಿಲ್ಲ.

ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ ಆ ಕಥೆ ಹೇಳುತ್ತದೆ. ಕ್ರಿ.ಶ. 1057ರದು, ಆಗ ಈ ಸೀಮೆ ಚೋಳರ ಕೈಯಲ್ಲಿತ್ತು. ನುಗುನಾಡಿನ ಒಡೆಯ ರವಿಚಟ್ಟ ತನ್ನ ಮಗಳು ದೇಕಬ್ಬೆಯನ್ನು ನವಲೆನಾಡಿನ ಏಚನಿಗೆ ಕೊಟ್ಟಿದ್ದ. ಏಚ ದಾಯಾದಿಯೊಬ್ಬನನ್ನು ಕೊಂದದ್ದಕ್ಕೆ ಅವನನ್ನು ತಲಕಾಡಿಗೆ ಒಯ್ದು ಮರಣದಂಡನೆ ಕೊಟ್ಟರು. ಸುದ್ದಿ ಕೇಳಿದ ದೇಕಬ್ಬೆ ತಾನೂ ಬೆಂಕಿಗೆ ಹೋಗುತ್ತೇನೆ ಅಂದಳು. ಮನೆಯವರು ಬೇಡ ಅಂತ ತಡೆದರು. ಅವಳು ಕೇಳಲಿಲ್ಲ. ದಾನ ಕೊಟ್ಟು, ಬೆಂಕಿಗೆ ಹೋದಳು. ಕಲ್ಲು ನಿಲ್ಲಿಸಿದವನು ಅಪ್ಪ ರವಿಚಟ್ಟ.

ಆ ಶಾಸನದ ಕವಿ ದೇಕಬ್ಬೆಯನ್ನು ಹೊಗಳುತ್ತಾನೆ. ಆ ಕಾಲದ ರೀತಿ ಅದು. ಆದರೆ ಹೊಗಳಿಕೆಯ ನಡುವೆ "ಬೇಡ" ಅಂದವರ ಮಾತೂ ಉಳಿದುಕೊಂಡಿದೆ. ಅಪ್ಪ ಅದನ್ನು ಅಳಿಸಲು ಹೇಳಲಿಲ್ಲ. ಮಗಳಿಗೆ ಕೀರ್ತಿ ಬಂತು ಅಂತ ಊರು ಅಂದಿರಬಹುದು. ಮನೆಯಲ್ಲಿ ಅವಳ ಜಾಗ ಖಾಲಿಯೇ ಆಯಿತು. ಹೊಗಳಿಕೆಯ ಅಂಥ ಮಾತುಗಳೇ ಎಷ್ಟು ಹೆಣ್ಣುಮಕ್ಕಳನ್ನು ಬೆಂಕಿಗೆ ನೂಕಿರಬಹುದು ಅನ್ನೋದನ್ನೂ ನಾವು ಯೋಚಿಸಬೇಕು. ಬ್ರಿಟಿಷರು 1829ರಲ್ಲಿ ಬಂಗಾಳದಲ್ಲಿ ಸತಿಯನ್ನು ನಿಷೇಧಿಸಿದರು. ಸತಿಯನ್ನು ಕೊಂಡಾಡುವುದೂ ಅಪರಾಧ ಅನ್ನುವ ಕೇಂದ್ರದ ಕಾನೂನು ಬಂದದ್ದು 1987ರಲ್ಲಿ.

ಊಟ ಬಿಟ್ಟ ತಾಯಿ, ಬಸದಿ ಕಟ್ಟಿಸಿದ ಮಗ

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರು ಗೊತ್ತಿಲ್ಲದವರಿಲ್ಲ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದ ಮೇಲಿಂದ ಹಾರಿದಳು ಅಂತ ಜನ ಹೇಳುತ್ತಾರೆ, ಶಾಂತಲಾ ಡ್ರಾಪ್ ಅಂತ ಜಾಗವನ್ನೂ ತೋರಿಸುತ್ತಾರೆ. ಶಾಸನದಲ್ಲಿ ಹಾರಿದ ಮಾತಿಲ್ಲ, ಅಲ್ಲಿ ಸ್ವರ್ಗಸ್ಥಳಾದಳು ಅಂತ ಮಾತ್ರ ಇದೆ.

ಆ ಬೆಟ್ಟಕ್ಕೆ ಹೋದವರಿಗೆ ಗೊತ್ತಿರದ ಹೆಸರು ಮಾಚಿಕಬ್ಬೆ. ಶಾಂತಲೆಯ ತಾಯಿ. ಮಗಳು ಹೋದ ಮೇಲೆ ಇನ್ನು ಉಳಿಯಲಾರೆ ಅಂತ ಅವಳು ಶ್ರವಣಬೆಳಗೊಳಕ್ಕೆ ಬಂದು ಸನ್ಯಸನ ವ್ರತ ಹಿಡಿದಳು. ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ಅರೆ ಮುಚ್ಚಿದ ಕಣ್ಣು, ಬಾಯಲ್ಲಿ ಪಂಚನಮಸ್ಕಾರ ಮಂತ್ರ ಅಂತ ಶಾಸನ ಹೇಳುತ್ತದೆ. ಜೈನ ಧರ್ಮದಲ್ಲಿ ಅದು ನಿಯಮದಿಂದ ಕೈಗೊಳ್ಳುವ ವ್ರತ. ಆದರೆ ಅದರ ಹಿಂದೆ ಮಗಳನ್ನು ಕಳೆದುಕೊಂಡ ತಾಯಿ ಇದ್ದಾಳೆ ಅನ್ನೋದನ್ನು ಬರೆದವರು ಮುಚ್ಚಿಡಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತರುತ್ತಾರೆ. ಪಕ್ಕದಲ್ಲಿ ಕೂತು "ಒಂದು ತುತ್ತು ತಿನ್ನವ್ವ" ಅಂತ ತಿನ್ನಿಸುತ್ತಾರೆ. ಇದು ಬರೀ ಶಾಸ್ತ್ರ ಅಲ್ಲ, ಉಳಿದವರನ್ನು ಬದುಕಿನ ಕಡೆ ಎಳೆದುಕೊಳ್ಳುವ ಕೆಲಸ. ತಿಥಿ ಮುಗಿದು ಎಷ್ಟೋ ದಿನವಾದರೂ ಯಾರಾದರೂ ಊಟ ನಿದ್ದೆ ಬಿಟ್ಟಿದ್ದರೆ, ನಾನೂ ಹೋಗಿಬಿಡ್ತೀನಿ ಅನ್ನುತ್ತಿದ್ದರೆ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ದುಃಖವನ್ನು ಕಟ್ಟಡ ಮಾಡಿದವರೂ ಇದ್ದರು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡಾಗ ಮಗ ಬೊಪ್ಪ ಅಪ್ಪನ ನೆನಪಿಗೆ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. 1133ರ ಮಾತು ಅದು. ಆ ಬಸದಿಯ ಪ್ರಸಾದವನ್ನು ಅರಸನಿಗೆ ಒಯ್ದ ಹೊತ್ತಿಗೆ ಅವನು ಯುದ್ಧ ಗೆದ್ದಿದ್ದ, ಅವನಿಗೆ ಮಗನೂ ಹುಟ್ಟಿದ್ದ. ಸಂತೋಷದಿಂದ ದೇವರಿಗೆ ವಿಜಯ ಪಾರ್ಶ್ವನಾಥ ಅಂತ, ಮಗುವಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ. ಒಬ್ಬ ಮಗ ಅಪ್ಪನಿಗಾಗಿ ಕಟ್ಟಿಸಿದ ಗುಡಿಯ ದೇವರ ಹೆಸರು ಹುಟ್ಟಿದ ಕೂಸಿಗೂ ಸೇರಿಕೊಂಡಿತು. ನಮ್ಮ ಊರುಗಳಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನೆನಪಾಯಿತು ನಮಗೆ.

ಕಲ್ಲು ಇಲ್ಲದವರು

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಇವರಲ್ಲಿ ಹೆಚ್ಚಿನವರು ಅರಸರು, ಅಧಿಕಾರಿಗಳು, ನಾಡಿನ ಒಡೆಯರು, ಅವರ ಮನೆಯವರು. ಟಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗರ ಅರಸ ನೀತಿಮಾರ್ಗ ಸಾಯುತ್ತಿರುವ ದೃಶ್ಯವಿದೆ. ಪಕ್ಕದಲ್ಲಿ ಮಗ ಸತ್ಯವಾಕ್ಯ ನಿಂತಿದ್ದಾನೆ. ಅರಸನನ್ನು ಹಿಡಿದುಕೊಂಡಿರುವವನು ಸೇವಕ ಅಗರಯ್ಯ. ಸೇವಕನ ಹೆಸರು ಕಲ್ಲಿಗೆ ಬಂದದ್ದು ಅರಸನ ಸಾವಿನ ದೆಸೆಯಿಂದ. ಅಗರಯ್ಯ ಸತ್ತಾಗ ಅವನನ್ನು ಯಾರು ಹಿಡಿದುಕೊಂಡಿದ್ದರು?

ಹೆರಿಗೆಯಲ್ಲಿ ಸತ್ತ ಹೆಂಗಸರು, ಜ್ವರದಲ್ಲಿ ಹೋದ ಮಕ್ಕಳು, ಬರಗಾಲದಲ್ಲಿ ಹೋದ ಕೂಲಿಯವರು ನಾವು ಓದಿದ ಕಲ್ಲುಗಳಲ್ಲಿ ಸಿಗಲಿಲ್ಲ. ಅವರಿಗಾಗಿ ಯಾರೂ ಅಳಲಿಲ್ಲ ಅಂತ ಅರ್ಥವಲ್ಲ. ಅತ್ತವರ ಕೈಯಲ್ಲಿ ಕಲ್ಲಿಗೆ ಕೊಡುವ ದುಡ್ಡಿರಲಿಲ್ಲ, ದನಿ ಇತ್ತು. ನಮ್ಮ ಅಜ್ಜಿಯರು ಹೆಣದ ಮುಂದೆ ಕೂತು ಹಾಡಿಕೊಂಡು ಅಳುತ್ತಿದ್ದರು. ಸತ್ತವರು ಏನು ಉಣ್ಣುತ್ತಿದ್ದರು, ಯಾವ ಗದ್ದೆ ಉತ್ತರು, ಯಾವ ಸಾಲ ತೀರಿಸಿದರು, ಯಾರ ಮದುವೆ ನೋಡದೆ ಹೋದರು, ಎಲ್ಲ ಆ ಅಳುವಿನಲ್ಲಿ ಬರುತ್ತಿತ್ತು. ಅದೂ ಒಂದು ಚರಿತ್ರೆ. ಬರೆದುಕೊಳ್ಳುವವರು ಇರಲಿಲ್ಲ ಅಷ್ಟೆ.

ಕೋವಿಡ್‌ನ 2021ರ ಬೇಸಿಗೆಯಲ್ಲಿ ಆ ಅಳುವೂ ತಪ್ಪಿಹೋಯಿತು. ಆಸ್ಪತ್ರೆಗೆ ಹೋದವರು ಮನೆಗೆ ಬರಲೇ ಇಲ್ಲ, ಎಷ್ಟೋ ಜನ ಮುಖ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ಆ ಮನೆಗಳಲ್ಲಿ ಇವತ್ತಿಗೂ ಮಹಾಲಯ ಅಮಾವಾಸ್ಯೆಯ ಎಡೆ ಇಡುವಾಗ ಮಾತು ನಿಂತುಹೋಗುತ್ತದೆ.

ಈಗ ಊರ ಬಾಗಿಲಲ್ಲಿ ವೀರಗಲ್ಲಿನ ಬದಲು ಫ್ಲೆಕ್ಸ್ ನಿಲ್ಲುತ್ತದೆ. ಭಾವಪೂರ್ಣ ಶ್ರದ್ಧಾಂಜಲಿ, ನಡುವೆ ದೊಡ್ಡ ಫೋಟೋ, ಕೆಳಗೆ ಸಾಲಾಗಿ ಹಾಕಿಸಿದವರ ಹೆಸರು, ಗೆಳೆಯರ ಬಳಗ. ನಾವೂ ಅದನ್ನು ನೋಡಿ ನಕ್ಕಿದ್ದೇವೆ. ಶಾಸನ ಓದಿದ ಮೇಲೆ ನಗು ಬರಲಿಲ್ಲ. ರವಿಚಟ್ಟ, ಮಣಲೆರ, ಬೊಪ್ಪ ಮಾಡಿದ್ದೂ ಅದನ್ನೇ: ಹೋದವರ ಹೆಸರು ಬರೆಸಿ, ಬರೆಸಿದವರು ನಾವು ಅಂತ ಹೇಳಿಕೊಂಡದ್ದು. ಫ್ಲೆಕ್ಸ್ ಎರಡು ಮಳೆಗೆ ಹರಿಯುತ್ತದೆ ಅನ್ನೋದು ಬೇರೆ ಮಾತು.

ನಿಮ್ಮ ಊರಿನ ಕಲ್ಲು

ನಿಮ್ಮ ಊರಲ್ಲೂ ಇಂಥ ಕಲ್ಲು ಇದ್ದೀತು. ನಿಧಿ ಇದೆ ಅಂತ ಕೆಲವರು ಕೀಳುತ್ತಾರೆ, ಕೆಲವರು ಬಣ್ಣ ಬಳಿಯುತ್ತಾರೆ, ಮಗುಚಿ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡವರೂ ಇದ್ದಾರೆ. ದಯವಿಟ್ಟು ಅಕ್ಷರದ ಮೇಲೆ ಬಣ್ಣ, ಸಿಮೆಂಟು ಹಾಕಬೇಡಿ. ನೀರಲ್ಲಿ ತೊಳೆದರೆ ಸಾಕು. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಅಕ್ಷರ ಚೆನ್ನಾಗಿ ಏಳುತ್ತದೆ. ಹಳೇ ಮೈಸೂರು ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ನೂರು ವರ್ಷಕ್ಕೂ ಹಿಂದೆ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ತಾಲ್ಲೂಕುವಾರು ಅಚ್ಚು ಹಾಕಿಸಿದ್ದಾರೆ. ನಿಮ್ಮ ಊರಿನ ಹೆಸರು ಅದರಲ್ಲಿ ಇರಬಹುದು. ಓದಿಸಿ, ಕೊನೆಯ ಸಾಲಿಗೆ ಬಂದಾಗ ಕಲ್ಲು ನಿಲ್ಲಿಸಿದವರು ಯಾರು ಅಂತ ಕೇಳಿ.

ಗೆಳೆಯ ಮೂರು ದಿನ ಬಿಟ್ಟು ಮತ್ತೆ ಗ್ರಾನೈಟ್ ಅಂಗಡಿಗೆ ಹೊರಟ. ಅವರ ಊರಿನ ಸಮಾಧಿ ಕಲ್ಲುಗಳಲ್ಲಿ "ಇಂತಿ" ಅಂತ ಹಾಕಿ ಗಂಡುಮಕ್ಕಳ ಹೆಸರು ಮಾತ್ರ ಬರೆಸುವುದು ವಾಡಿಕೆ. ಅವನು ಚೀಟಿ ಬರೆದು ಅವ್ವನಿಗೆ ಓದಿ ಹೇಳಿದ. ಅವ್ವ ಸುಮ್ಮನೆ ಕೇಳಿಸಿಕೊಂಡು, ಹೊಸಲು ದಾಟುವಾಗ ಕರೆದು ಅಂದರು: "ನನ್ ಹೆಸ್ರೂ ಹಾಕುಸ್ಲಾ ಮಗ. ಅಕ್ಸರ ಜಾಸ್ತಿಯಾಯ್ತವಾ?"

ಕಲ್ಲು ಬಂದಿದೆ. ಹೆಸರು, ಎರಡು ತಾರೀಖು. ಅದರ ಕೆಳಗೆ, ಪಕ್ಕದ ಹುಣಸೆಮರ ಇವರು ನೆಟ್ಟದ್ದು ಅಂತ ಒಂದು ಸಾಲು. ಕೊನೆಗೆ ಕಲ್ಲು ನಿಲ್ಲಿಸಿದವರು: ಮೊದಲು ಅವ್ವ, ಆಮೇಲೆ ಇಬ್ಬರು ಹೆಣ್ಣುಮಕ್ಕಳು, ಆಮೇಲೆ ನಮ್ಮ ಗೆಳೆಯ.